ರಿವಾಲ್ವರ್ ಹಿಡಿಕೆ: ಅಳತೆಯೇ ಬಂಡವಾಳವಾದ ಕಿರು ಉದ್ಯಮ

ಅಂಗೈಯಗಲದ ಎರಡು ಮರದ ಹಲಗೆಗಳು, ಒಂದು ತಿರುಪು, ಒಂದು ಸಣ್ಣ ಮೊಳೆ. ಸಿಂಗಲ್ ಆಕ್ಷನ್ ರಿವಾಲ್ವರಿನ ಹಿಡಿಕೆ ಎಂದರೆ ಇಷ್ಟೇ. ಆದರೂ ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ಈ ಒಂದೇ ಬಿಡಿಭಾಗವನ್ನು ಗ್ರಾಹಕನ ಅಪೇಕ್ಷೆಯಂತೆ ತಯಾರಿಸಿಕೊಡುವ ಅನೇಕ ಚಿಕ್ಕ ಕಾರ್ಖಾನೆಗಳು ಹಾಗೂ ಏಕವ್ಯಕ್ತಿ ಉದ್ಯಮಗಳು ನೆಲೆ ಕಂಡುಕೊಂಡಿವೆ. ದೊಡ್ಡ ಕಾರ್ಖಾನೆಗಳು ಪೂರೈಸಲಾಗದ ಬೇಡಿಕೆಯೊಂದು ಸಣ್ಣ ಉತ್ಪಾದಕರಿಗೆ ಹೇಗೆ ಮಾರುಕಟ್ಟೆಯಾಗುತ್ತದೆ ಎಂಬುದಕ್ಕೆ ಇದು ಉತ್ತಮ ನಿದರ್ಶನವಾಗಿದೆ.

ಬೇಡಿಕೆಯ ಮೂಲ

ಸಿಂಗಲ್ ಆಕ್ಷನ್ ರಿವಾಲ್ವರಿನಲ್ಲಿ ಪ್ರತಿಯೊಂದು ಗುಂಡಿಗೂ ಮೊದಲು ಹೆಬ್ಬೆರಳಿನಿಂದ ಹ್ಯಾಮರನ್ನು ಹಿಂದಕ್ಕೆಳೆದು ನಿಲ್ಲಿಸಬೇಕು. ಟ್ರಿಗರ್ ಅದನ್ನು ಬಿಡುಗಡೆ ಮಾತ್ರ ಮಾಡುತ್ತದೆ. ಈ ವರ್ಗದಲ್ಲಿ ಪ್ರಸಿದ್ಧವಾದುದು ಕೋಲ್ಟ್ ಕಂಪನಿಯು 1873ರಲ್ಲಿ ಅಮೆರಿಕದ ಸೈನ್ಯಕ್ಕೆ ಪೂರೈಸಲಾರಂಭಿಸಿದ ‘ಸಿಂಗಲ್ ಆಕ್ಷನ್ ಆರ್ಮಿ’. ಅದರ ಬಾಗಿದ ಹಿಡಿಕೆಯನ್ನು ಅಲ್ಲಿನವರು ನೇಗಿಲಿನ ಮೇಳಿಗೆ ಹೋಲಿಸುತ್ತಾರೆ. ಗುಂಡು ಹಾರಿದಾಗ ಹಿಡಿಕೆಯು ಅಂಗೈಯಲ್ಲಿ ಕೊಂಚ ಹೊರಳುವುದರಿಂದ ಹ್ಯಾಮರ್ ಹೆಬ್ಬೆರಳಿಗೆ ಸುಲಭವಾಗಿ ಎಟಕುತ್ತದೆ. ಆದರೆ ಹಸ್ತದ ಗಾತ್ರ ಎಲ್ಲರದೂ ಒಂದೇ ಅಲ್ಲ. ಹಿಡಿಕೆ ತೆಳುವಾದರೆ ಪಿಸ್ತೂಲು ಕೈಯಲ್ಲಿ ಜಾರುತ್ತದೆ, ದಪ್ಪವಾದರೆ ಹೆಬ್ಬೆರಳು ಹ್ಯಾಮರಿಗೆ ನಿಲುಕುವುದಿಲ್ಲ.

1987ರಲ್ಲಿ ಕ್ಯಾಲಿಫೋರ್ನಿಯದಲ್ಲಿ ‘ಸಿಂಗಲ್ ಆಕ್ಷನ್ ಶೂಟಿಂಗ್ ಸೊಸೈಟಿ’ ಆರಂಭವಾದ ನಂತರ ಹಳೆಯ ಕಾಲದ ಉಡುಪು ಹಾಗೂ ಆಯುಧಗಳೊಂದಿಗೆ ನಡೆಯುವ ಗುರಿ ಸ್ಪರ್ಧೆಗಳು ಜನಪ್ರಿಯವಾದವು. ಸ್ಪರ್ಧಿಗಳು ಸಾಮಾನ್ಯವಾಗಿ ಎರಡು ರಿವಾಲ್ವರುಗಳನ್ನು ಬಳಸುವುದರಿಂದ ಹಿಡಿಕೆಗಳಿಗೂ ಜೋಡಿಯಾಗಿಯೇ ಬೇಡಿಕೆ ಬರುತ್ತದೆ.

ಸಿದ್ಧ ಹಿಡಿಕೆ ಏಕೆ ಹೊಂದುವುದಿಲ್ಲ?

ಹಿಡಿಕೆಯು ಕೂರುವ ಲೋಹದ ಚೌಕಟ್ಟನ್ನು ಕಾರ್ಖಾನೆಯಲ್ಲಿ ಸಾಣೆ ಹಿಡಿದು ಹೊಳಪು ಕೊಡುವಾಗ ಒಂದಕ್ಕೂ ಮತ್ತೊಂದಕ್ಕೂ ಕೂದಲೆಳೆಯಷ್ಟು ಅಂತರ ಉಳಿಯುತ್ತದೆ. ಕೈಬೆರಳು ಈ ಅಂತರವನ್ನು ಕೂಡಲೇ ಗುರುತಿಸುತ್ತದೆ. ಮರದ ಅಂಚು ಲೋಹಕ್ಕಿಂತ ಮೇಲೆದ್ದರೆ ಚುಚ್ಚುತ್ತದೆ, ತಗ್ಗಿದರೆ ಲೋಹದ ಅಂಚು ಒತ್ತುತ್ತದೆ.

ಮಾದರಿಗಳ ಗೊಂದಲ ಇದಕ್ಕಿಂತ ದೊಡ್ಡದು. ಇಟಲಿಯ ಉಬೆರ್ತಿ ಸಂಸ್ಥೆಯ ಪ್ರತಿರೂಪಗಳು ಕೋಲ್ಟ್‌ನಂತೆಯೇ ಕಂಡರೂ ಕೋಲ್ಟ್‌ನ ಹಿಡಿಕೆ ಅವುಗಳಿಗೆ ಉಜ್ಜದೆ ಕೂರುವುದಿಲ್ಲ. ರೂಗರ್ ಸಂಸ್ಥೆಯು 1993ರಲ್ಲಿ ‘ವಕೇರೊ’ ಹೊರತಂದು, 2005ರಲ್ಲಿ ಅದರ ಸ್ಥಾನಕ್ಕೆ ಚಿಕ್ಕ ಚೌಕಟ್ಟಿನ ‘ನ್ಯೂ ವಕೇರೊ’ ತಂದಿತು. ಹೆಸರಿನಲ್ಲಿ ಒಂದೇ ಪದದ ವ್ಯತ್ಯಾಸ. ಆದರೆ ಒಂದರ ಹಿಡಿಕೆ ಇನ್ನೊಂದಕ್ಕೆ ಆಗದು. ‘ಬಿಸ್ಲಿ’ ಮಾದರಿಯ ಹಿಡಿಕೆಯ ಆಕಾರವೇ ಬೇರೆ. ಆದ್ದರಿಂದ ಗ್ರಾಹಕನು ಮೊದಲು ತಿಳಿಸಬೇಕಾದುದು ಮರದ ಬಣ್ಣವನ್ನಲ್ಲ. ತಯಾರಕರ ಹೆಸರು, ಮಾದರಿ, ತಯಾರಿಕೆಯ ವರ್ಷ ಹಾಗೂ ಹಿಡಿಕೆ ಒಂದೇ ತುಂಡಿನದೋ ಎರಡು ತುಂಡಿನದೋ ಎಂಬುದನ್ನು ಅವನು ಮೊದಲು ಸ್ಪಷ್ಟಪಡಿಸಬೇಕು. ಎರಡು ತುಂಡಿನ ಹಿಡಿಕೆಯನ್ನು ತಿರುಪು ಹಿಡಿದಿಡುತ್ತದೆ. ಒಂದೇ ತುಂಡಿನದರಲ್ಲಿ ಎರಡು ಪಕ್ಕಗಳನ್ನು ನಡುವಿನ ಮರಕ್ಕೆ ಅಂಟಿಸಿರುತ್ತಾರೆ. ಅದು ಚೌಕಟ್ಟಿನ ಬಿಗಿತದಿಂದಲೇ ನಿಲ್ಲಬೇಕಾದ ಕಾರಣ ಕೆಲಸ ಹೆಚ್ಚು ಸೂಕ್ಷ್ಮ.

ಖರೀದಿಯ ಮೂರು ಹಂತಗಳು

ಮಾರುಕಟ್ಟೆಯಲ್ಲಿ ಮೂರು ಬಗೆಯ ಸರಕು ದೊರೆಯುತ್ತದೆ. ಮೊದಲನೆಯದು ಮಾದರಿಯ ಸರಾಸರಿ ಅಳತೆಗೆ ಯಂತ್ರದಲ್ಲಿ ಕೊರೆದ ಸಿದ್ಧ ಹಿಡಿಕೆ. ಎರಡನೆಯದು ಬೇಕೆಂದೇ ಕೊಂಚ ದೊಡ್ಡದಾಗಿ ಬಿಟ್ಟ ಅರೆಸಿದ್ಧ ಹಿಡಿಕೆ. ಕೊಂಡವನು ಅರ, ಮರಳುಕಾಗದ ಹಿಡಿದು ತಾನೇ ತಿದ್ದಿಕೊಳ್ಳಬೇಕು. ಮೂರನೆಯದು ಗ್ರಾಹಕನ ಚೌಕಟ್ಟಿನ ಮೇಲೆಯೇ ಕೂರಿಸಿ ಮಾಡಿದ್ದು. ಬೆಲೆ ಹಾಗೂ ಕಾಯುವ ಅವಧಿ ಎರಡೂ ಇದರಲ್ಲಿ ಹೆಚ್ಚು.

ಈ ಮೂರನೆಯ ಬಗೆಗೆ ರಿವಾಲ್ವರಿನ ರಚನೆಯೇ ಅನುಕೂಲ ಒದಗಿಸಿದೆ. ಹಿಡಿಕೆಯ ಚೌಕಟ್ಟನ್ನು ಕೆಲವು ತಿರುಪುಗಳನ್ನು ತೆಗೆದು ಬೇರ್ಪಡಿಸಬಹುದು. ಅಮೆರಿಕದ ಒಕ್ಕೂಟ ಕಾನೂನಿನಲ್ಲಿ ಬಂದೂಕು ಎಂದು ಪರಿಗಣಿತವಾಗುವುದು ಸಿಲಿಂಡರನ್ನು ಹೊತ್ತ ಮುಖ್ಯ ಚೌಕಟ್ಟು ಮಾತ್ರ. ಹೀಗಾಗಿ ಅಲ್ಲಿನ ಗ್ರಾಹಕನು ಆಯುಧವನ್ನು ಮನೆಯಲ್ಲೇ ಇರಿಸಿ, ಹಿಡಿಕೆಯ ಭಾಗವನ್ನಷ್ಟೇ ಕುಶಲಕರ್ಮಿಗೆ ಕಳುಹಿಸುತ್ತಾನೆ.

ಕಚ್ಚಾವಸ್ತುವಿನ ಪ್ರಶ್ನೆ

ಆಕ್ರೋಟು ಮರ ಮೂಲದಿಂದಲೂ ರೂಢಿಯಲ್ಲಿದೆ. ಶ್ರೀಮಂತರು ಒಮ್ಮೆ ದಂತವನ್ನು ಬಯಸುತ್ತಿದ್ದರು. ಆಫ್ರಿಕದ ಆನೆಯ ದಂತದ ಅಂತರರಾಷ್ಟ್ರೀಯ ವಾಣಿಜ್ಯವನ್ನು 1989ರಲ್ಲಿ ನಿಷೇಧಿಸಲು ನಿರ್ಧರಿಸಿದ ಮೇಲೆ ಹಾಗೂ 2016ರಲ್ಲಿ ಅಮೆರಿಕವು ತನ್ನ ದೇಶೀಯ ನಿಯಮಗಳನ್ನು ಬಿಗಿಗೊಳಿಸಿದ ಮೇಲೆ ಆ ಸ್ಥಾನವನ್ನು ರಾಳದ ಅನುಕರಣೆಗಳು ಆಕ್ರಮಿಸಿದವು. ಭಾರತದ ಕಡವೆ ಕೊಂಬಿಗೂ ಅಪಾರ ಮನ್ನಣೆಯಿತ್ತು. 1990ರ ದಶಕದ ಕೊನೆಯಲ್ಲಿ ಅದರ ರಫ್ತು ನಿಂತುಹೋಯಿತು.

ಕರ್ನಾಟಕದ ವ್ಯಾಪಾರಿಗಳಿಗೆ ಸಂಬಂಧಿಸಿದ ವಸ್ತುವೆಂದರೆ ಬೀಟೆ. ಪಶ್ಚಿಮ ಘಟ್ಟದ ಈ ಮರ ವಿದೇಶಗಳಲ್ಲಿ ಗಿಟಾರ್, ಚಾಕುವಿನ ಹಿಡಿ ಹಾಗೂ ರಿವಾಲ್ವರ್ ಹಿಡಿಕೆಗಳಿಗೆ ಮೆಚ್ಚುಗೆ ಗಳಿಸಿದೆ. ಬೀಟೆಯನ್ನೊಳಗೊಂಡ ಡಾಲ್ಬರ್ಜಿಯ ಕುಲದ ಮರಗಳು 2017ರ ಜನವರಿ 2ರಿಂದ ಅಳಿವಿನಂಚಿನ ಪ್ರಭೇದಗಳ ವಾಣಿಜ್ಯ ಕುರಿತ ಸೈಟಿಸ್ ಒಪ್ಪಂದದ ಎರಡನೆಯ ಅನುಬಂಧಕ್ಕೆ ಒಳಪಟ್ಟವು. 2019ರ ತಿದ್ದುಪಡಿಯು ಒಂದು ರವಾನೆಯಲ್ಲಿ 10 ಕಿಲೋಗ್ರಾಂವರೆಗಿನ ಬೀಟೆಯಿರುವ ಸಿದ್ಧವಸ್ತುಗಳಿಗೆ ವಿನಾಯಿತಿ ನೀಡಿತು. ಈ ವಿನಾಯಿತಿ ಸಿದ್ಧವಸ್ತುವಿಗೆ ಮಾತ್ರ, ಹಲಗೆಗಲ್ಲ. ಮೌಲ್ಯವರ್ಧನೆ ಇಲ್ಲಿಯೇ ಆಗಬೇಕೆಂಬ ವಾದಕ್ಕೆ ಇದು ಬಲ ಕೊಡುತ್ತದೆ.

ಆದರೆ ಮರ ಹದವಾಗಿರಬೇಕು. ಅಮೆರಿಕದ ಬಹುಭಾಗದಲ್ಲಿ ಒಳಾಂಗಣ ಮರಗೆಲಸಕ್ಕೆ ಸುಮಾರು ಶೇ. 8, ನೈಋತ್ಯದ ಒಣ ರಾಜ್ಯಗಳಲ್ಲಿ ಸುಮಾರು ಶೇ. 6 ತೇವಾಂಶ ಸೂಕ್ತವೆಂದು ಪರಿಗಣಿಸಲಾಗುತ್ತದೆ. ಮಲೆನಾಡಿನ ತೇವದಲ್ಲಿ ಅಂಚಿಗೆ ಅಂಚು ಕೂಡಿದ ಹಿಡಿಕೆ ಅರಿಝೋನದಲ್ಲಿ ಕುಗ್ಗಿ ಬಿರುಕು ತೋರಿಸಿದರೆ ಸರಕು ಹಿಂದಿರುಗುವುದು ಖಂಡಿತ.

ಕಾನೂನಿನ ಎಚ್ಚರಿಕೆ

ಭಾರತದಲ್ಲಿ ಪರಿಸ್ಥಿತಿ ಭಿನ್ನವಾಗಿದೆ. 1959ರ ಆಯುಧ ಅಧಿನಿಯಮದ ವ್ಯಾಖ್ಯೆಯಲ್ಲಿ ಆಯುಧ ಎಂಬ ಪದವು ಆಯುಧದ ಬಿಡಿಭಾಗಗಳನ್ನೂ ಒಳಗೊಳ್ಳುತ್ತದೆ. ತಯಾರಿಕೆ, ಮಾರಾಟ, ಆಮದು ಮತ್ತು ರಫ್ತಿಗೆ ಪರವಾನಗಿ ಬೇಕಾಗುತ್ತದೆ. ‘ಇದು ಬರೀ ಮರದ ತುಂಡು’ ಎಂಬ ಊಹೆಯ ಮೇಲೆ ವಿದೇಶಿ ಆದೇಶ ಸ್ವೀಕರಿಸಿ, ಸರಕು ಬಂದರಿನಲ್ಲಿ ತಡೆಯಲ್ಪಟ್ಟ ಬಳಿಕ ಸಲಹೆ ಕೇಳುವುದರಿಂದ ಪ್ರಯೋಜನವಿಲ್ಲ. ಹಿಡಿಕೆಯನ್ನು ಯಾವ ವರ್ಗದಲ್ಲಿ ಪರಿಗಣಿಸಲಾಗುವುದೆಂಬುದನ್ನು ಪರವಾನಗಿ ಪ್ರಾಧಿಕಾರದಿಂದ, ಮರದ ಮೂಲದ ದಾಖಲೆಗಳನ್ನು ಅರಣ್ಯ ಇಲಾಖೆಯಿಂದ ಲಿಖಿತವಾಗಿ ಪಡೆದ ನಂತರವೇ ಮುಂಗಡ ಹಣ ಸ್ವೀಕರಿಸುವುದು ಕ್ಷೇಮ.

ಆಯುಧದ ಗೊಡವೆ ಬೇಡವೆನ್ನುವ ಉತ್ಪಾದಕರಿಗೂ ಈ ವ್ಯಾಪಾರದಲ್ಲಿ ಒಂದು ಪಾಠವಿದೆ. ಗ್ರಾಹಕನು ಇಲ್ಲಿ ಹೆಚ್ಚಿನ ಬೆಲೆ ಕೊಡುವುದು ಮರಕ್ಕಲ್ಲ, ಕೂಡಿಕೆಗೆ. ಅಡುಗೆ ಚಾಕುವಿನ ಹಿಡಿಯಿರಲಿ, ಉಪಕರಣದ ಹಿಡಿಯಿರಲಿ, ಆದೇಶದ ನಮೂನೆಯಲ್ಲಿ ಸರಿಯಾದ ನಾಲ್ಕು ಪ್ರಶ್ನೆಗಳನ್ನು ಮೊದಲೇ ಕೇಳಿದರೆ ಹಿಂದಿರುಗಿ ಬರುವ ಸರಕಿನ ನಷ್ಟ ತಪ್ಪುತ್ತದೆ. ಅಳತೆಯನ್ನು ಕೇಳಿ ಪಡೆಯುವ ಶಿಸ್ತು ಸಣ್ಣ ಉದ್ಯಮಕ್ಕೆ ಯಂತ್ರದಷ್ಟೇ ಮುಖ್ಯವಾದ ಆಸ್ತಿಯಾಗಿದೆ.