ಮೂರು ಮುಡಿಪು

ನಮ್ಮ ಕಡೆ ಹರಕೆ ಹೊತ್ತವರು ಬಟ್ಟೆಯ ಚೂರಿನಲ್ಲಿ ಒಂದೆರಡು ಕಾಸು ಕಟ್ಟಿ ದೇವರ ಗೂಡಿನಲ್ಲಿಯೋ ಪೆಟ್ಟಿಗೆಯಲ್ಲಿಯೋ ಇಡುತ್ತಾರೆ. ಇದಕ್ಕೆ ಮುಡಿಪು ಎಂದು ಹೆಸರು. ಹರಕೆ ತೀರುವ ದಿನ ಅದು ದೇವರಿಗೆ ಸೇರಬೇಕು. ಅಲ್ಲಿಯವರೆಗೆ ಮನೆಯಲ್ಲಿ ಎಂಥ ಅಡಚಣೆ ಬಂದರೂ ಆ ಕಾಸನ್ನು ಮುಟ್ಟುವಂತಿಲ್ಲ. ಕಳೆದ ವರ್ಷ ಹಿರೀಸಾವೆಯಲ್ಲಿ ನಮ್ಮ ಅಜ್ಜಿ ತೀರಿಕೊಂಡ ಮೇಲೆ ಅವಳ ಟ್ರಂಕನ್ನು ತೆಗೆದಾಗ ಇಂಥ ಮೂರು ಗಂಟುಗಳು ಸಿಕ್ಕವು. ಒಂದು ಅರಿಶಿನದ ಬಟ್ಟೆಯದು, ಒಂದು ಬಿಳಿಯದು, ಒಂದು ನೀಲಿ. ಮೂರೂ ನನಗಾಗಿ ಕಟ್ಟಿದವು. ನಾನು ದಿನ ತುಂಬುವ ಮೊದಲೇ ಹುಟ್ಟಿ ಬೆಂಗಳೂರಿನ ಆಸ್ಪತ್ರೆಯೊಂದರಲ್ಲಿ ತಿಂಗಳ ಕಾಲ ಗಾಜಿನ ಪೆಟ್ಟಿಗೆಯಲ್ಲಿದ್ದಾಗ ಅಜ್ಜಿ ಮೂವರು ಅಮ್ಮಂದಿರಿಗೆ ಬೇಡಿಕೊಂಡಿದ್ದಳಂತೆ: ಕೂಸು ಉಳಿದರೆ ದೊಡ್ಡದಾಗಿ ತಾನೇ ನಡೆದು ಬಂದು ಒಪ್ಪಿಸುತ್ತದೆ, ಎಂದು.

ಕೂಸು ದೊಡ್ಡದಾಯಿತು, ಒಪ್ಪಿಸಲಿಲ್ಲ. ಪಿ.ಯು.ಸಿ. ಓದುತ್ತಿದ್ದಾಗ ಅಜ್ಜಿ ಎರಡು ಬಾರಿ ನೆನಪು ಮಾಡಿದಳು. ಇದೆಲ್ಲ ಮೂಢನಂಬಿಕೆ ಎಂದು ಭಾಷಣ ಬಿಗಿದೆ. ಅವಳು ಜಗಳವಾಡಲಿಲ್ಲ. "ಆಗ್ಲಿ ಬುಡು ಮಗ, ನಾನು ಅವಳ್ಗೆ ಹೇಳ್ಕತೀನಿ" ಎಂದಳು. ಆ 'ಅವಳು' ಯಾರು, ಅವಳೊಡನೆ ಅಜ್ಜಿಗೆ ಇದ್ದ ಸಲಿಗೆ ಎಂಥದು ಎಂಬುದನ್ನು ಅರಿಯಲು ನಾನು ಈ ಒಂದು ವರ್ಷ ಅಷ್ಟಿಷ್ಟು ಓದಿದ್ದೇನೆ, ತಿರುಗಿದ್ದೇನೆ. ಅದನ್ನೇ ಇಲ್ಲಿ ಸಹಪಾಠಿಗಳ ಮುಂದೆಯೂ ಗುರುಗಳ ಮುಂದೆಯೂ ಇಡುತ್ತಿದ್ದೇನೆ.

ಮೊದಲು ಒಂದು ಮಾತು. ಊರಿಗೆ ಗ್ರಾಮದೇವತೆ ಇರುತ್ತಾಳೆ, ಮನೆತನಕ್ಕೆ ಮನೆದೇವರು ಇರುತ್ತದೆ. ಇವೆರಡೂ ಹುಟ್ಟಿನಿಂದ ಬರುವಂಥವು. ಮೂರನೆಯದು ಇಷ್ಟದೇವತೆ. ಅದು ಬರುವುದು ಬಾಳಿನಲ್ಲಿ ಕಂಡ ಕಷ್ಟದಿಂದ. ನಮ್ಮ ಊರಿನ ಚೌಡೇಶ್ವರಿ ಎಲ್ಲರಿಗೂ ಗ್ರಾಮದೇವತೆಯಾದರೂ ಅಜ್ಜಿಗೆ ಅವಳು ಬರಿಯ 'ಚೌಡಿ'. ಏಕವಚನವೇ. ಮಳೆ ಬಾರದಿದ್ದರೆ ರಾಗಿ ಹೊಲದ ಬದುವಿನಲ್ಲಿ ನಿಂತು "ಕಣ್ಣು ಕಾಣಾಕಿಲ್ವೇನೆ ನಿಂಗೆ?" ಎಂದು ಗದರುತ್ತಿದ್ದಳು. ಇದು ಅಜ್ಜಿಯೊಬ್ಬಳ ಒರಟುತನವೆಂದು ತಿಳಿಯಬಾರದು. ಬಂಗಾಳದಲ್ಲಿ ಹದಿನೆಂಟನೆಯ ಶತಮಾನದ ರಾಮಪ್ರಸಾದ ಸೇನನು ಕಾಳಿಯನ್ನು ಬೈದು, ಮುನಿದು, ಅವಳೊಡನೆ ವಾದ ಹೂಡಿ ಹಾಡಿದವನು. ಆ ಹಾಡುಗಳನ್ನು ಶ್ರೀ ರಾಮಕೃಷ್ಣರು ದಕ್ಷಿಣೇಶ್ವರದಲ್ಲಿ ಕಣ್ಣೀರು ಸುರಿಸುತ್ತ ಹಾಡುತ್ತಿದ್ದರು. ಪ್ರಭುವಿನ ಮುಂದೆ ಕೈಕಟ್ಟಿ ನಿಲ್ಲುವ ಭಕ್ತಿ ಬೇರೆ, ತಾಯಿಯ ಸೆರಗು ಹಿಡಿದೆಳೆಯುವ ಭಕ್ತಿ ಬೇರೆ.

ತಾಯಿ ಎಂದೆ. ಆದರೆ ನಮ್ಮ ಹೆಂಗಸರಿಗೆ ದೇವಿ ತಾಯಿ ಮಾತ್ರವಲ್ಲ, ಮಗಳೂ ಹೌದು. ಭಾದ್ರಪದದ ತದಿಗೆಯ ದಿನ ಗೌರಿ ತವರಿಗೆ ಬರುತ್ತಾಳೆ, ಮರುದಿನ ಕರೆದುಕೊಂಡು ಹೋಗಲು ಮಗ ಗಣಪತಿ ಬರುತ್ತಾನೆ. ನಮ್ಮ ಜಿಲ್ಲೆಯ ಅರಸೀಕೆರೆ ತಾಲ್ಲೂಕಿನ ಮಾಡಾಳಿನಲ್ಲಿ ಸ್ವರ್ಣಗೌರಿಯನ್ನು ಕೂರಿಸಿ, ದಿನಗಟ್ಟಲೆ ಉಪಚರಿಸಿ, ಕರ್ಪೂರ ಹೊತ್ತಿಸಿ, ಕೊನೆಗೆ ನೀರಿಗೆ ಬಿಡುವುದನ್ನು ನೋಡಿದವರಿಗೆ ಈ ಮಾತು ತಿಳಿಯುತ್ತದೆ. ಬಂಗಾಳದವರೂ ದುರ್ಗೆಯನ್ನು ತವರಿಗೆ ಬಂದ ಉಮೆ ಎಂದೇ ಬರಮಾಡಿಕೊಂಡು ವಿಜಯದಶಮಿಯಂದು ಬೀಳ್ಕೊಡುತ್ತಾರೆ. ಗ್ರಾಮದೇವತೆಗೆ ಮಡಿಲಕ್ಕಿ ಹಾಕುವುದೂ ಇದೇ ಭಾವದಿಂದ: ಅಕ್ಕಿ, ಬೆಲ್ಲ, ಕೊಬ್ಬರಿ, ಎಲೆ ಅಡಿಕೆ, ಕಣ, ಹಸಿರು ಬಳೆ. ಗಂಡನ ಮನೆಗೆ ಹೊರಟ ಮಗಳ ಮಡಿಲು ತುಂಬುವ ಸಾಮಾನುಗಳೇ ಇವೂ.

ಇಲ್ಲಿಯೇ ಒಂದು ಮುಳ್ಳೂ ಇದೆ. ಅಜ್ಜಿ ಮೂವತ್ತೆರಡನೆಯ ವಯಸ್ಸಿಗೆ ಗಂಡನನ್ನು ಕಳೆದುಕೊಂಡವಳು. ಅಲ್ಲಿಂದ ಮುಂದೆ ಮಡಿಲಕ್ಕಿಯ ಮರವನ್ನು ಅವಳು ಸಿದ್ಧಮಾಡುವುದು, ಹಿಡಿದುಕೊಂಡು ಹೋಗುವುದು ಬೇರೆ ಮುತ್ತೈದೆ. ಯಾರೂ ತಡೆದುದನ್ನು ನಾನು ಕಂಡಿಲ್ಲ. ತಾನೇ ಹಿಂದೆ ಸರಿಯುತ್ತಿದ್ದಳು. ಚೌಡಿಯನ್ನು ಅಷ್ಟು ಗದರುವವಳು ಇದೊಂದನ್ನು ಮಾತ್ರ ಎಂದೂ ಕೇಳಲಿಲ್ಲ. ದೇವಿಯನ್ನು ಪೂಜಿಸುವ ನಾಡಿನಲ್ಲಿ ಹೆಂಗಸಿಗೆ ಮನ್ನಣೆ ತಾನಾಗಿ ಬರುತ್ತದೆಂದು ಸಭೆಗಳಲ್ಲಿ ಹೇಳುವವರನ್ನು ಕಂಡಾಗ ನನಗೆ ಆ ಮರದ ನೆನಪಾಗುತ್ತದೆ.

ಹಾಸನದಲ್ಲಿ ಓದುವ ನಾವು ಹಾಸನಾಂಬೆಯ ಕಥೆಯನ್ನು ಬಿಡುವಂತಿಲ್ಲ. ಕಾಶಿಯಿಂದ ಬಂದ ಸಪ್ತಮಾತೃಕೆಯರಲ್ಲಿ ವೈಷ್ಣವಿ, ಕೌಮಾರಿ, ಮಾಹೇಶ್ವರಿಯರು ಇಲ್ಲಿ ಹುತ್ತದ ರೂಪದಲ್ಲಿ ನೆಲಸಿದರೆಂದೂ, ಬ್ರಾಹ್ಮಿ ಕೆಂಚಮ್ಮನ ಹೊಸಕೋಟೆಯಲ್ಲಿಯೂ, ಉಳಿದ ಮೂವರು ದೇವಿಗೆರೆಯಲ್ಲಿಯೂ ನಿಂತರೆಂದೂ ಐತಿಹ್ಯ. ಬಾಗಿಲು ತೆರೆಯುವುದು ಆಶ್ವಯುಜದಲ್ಲಿ, ವರ್ಷಕ್ಕೊಮ್ಮೆ. ಬಲಿಪಾಡ್ಯಮಿ ಕಳೆದರೆ ಮತ್ತೆ ಮುಚ್ಚುತ್ತದೆ. ಸಾಲಿನಲ್ಲಿ ನಿಂತವರೆಲ್ಲ ಆರದ ದೀಪವನ್ನೂ ಬಾಡದ ಹೂವನ್ನೂ ಕುರಿತು ಮಾತಾಡುತ್ತಾರೆ. ನನ್ನ ಮನಸ್ಸು ನಿಲ್ಲುವುದು ಗುಡಿಯೊಳಗಿನ ಸೊಸೆಕಲ್ಲಿನಲ್ಲಿ. ಸೊಸೆಯೊಬ್ಬಳು ಮನೆಗೆಲಸ ಬಿಟ್ಟು ದೇವಿಯ ಮುಂದೆ ಮೈಮರೆತು ಕುಳಿತಿದ್ದಳಂತೆ. ಬೆನ್ನಟ್ಟಿ ಬಂದ ಅತ್ತೆ ಚಂದ್ರಬಟ್ಟಲಿನಿಂದ ತಲೆಗೆ ಕುಕ್ಕಿದಳಂತೆ. ನೊಂದವಳು ಕೂಗಿಕೊಳ್ಳಲು ದೇವಿ ಅವಳನ್ನು ಕಲ್ಲಾಗಿಸಿ ತನ್ನ ಸನ್ನಿಧಿಯಲ್ಲೇ ಇಟ್ಟುಕೊಂಡಳಂತೆ. ಆ ಕಲ್ಲು ವರ್ಷಕ್ಕೆ ಒಂದು ಕಾಳಿನಷ್ಟು ದೇವಿಯತ್ತ ಸರಿಯುತ್ತದೆ, ಪಾದ ಮುಟ್ಟಿದ ದಿನ ಕಲಿಯುಗ ಮುಗಿಯುತ್ತದೆ ಎನ್ನುತ್ತಾರೆ. ಕಥೆ ನಿಜವೇ ಎಂದು ಕೇಳುವುದು ನನಗೆ ಮುಖ್ಯವಲ್ಲ. ಮನೆಯಲ್ಲಿ ಒಂದು ಗಳಿಗೆ ಒಂಟಿಯಾಗಿ ಕೂರಲು ಜಾಗವಿಲ್ಲದ ಹೆಣ್ಣಿಗೆ ಗುಡಿ ಏನಾಗಿತ್ತು ಎಂಬುದನ್ನು ಈ ಕಥೆಯಷ್ಟು ಚೆನ್ನಾಗಿ ಯಾವ ಪುಸ್ತಕವೂ ನನಗೆ ಹೇಳಲಿಲ್ಲ.

ಬಿಳಿಯ ಗಂಟು ಶ್ರವಣಬೆಳಗೊಳದ್ದು. ನಾವು ಜೈನರಲ್ಲ. ಆದರೆ ಚನ್ನರಾಯಪಟ್ಟಣದ ಸೀಮೆಯವರಿಗೆ ಬೆಳಗೊಳ ಪರಸ್ಥಳವೂ ಅಲ್ಲ. ಜೈನಮತದಲ್ಲಿ ತೀರ್ಥಂಕರರು ವೀತರಾಗರು. ಬೇಡಿದರೆ ಒಲಿಯುವವರಲ್ಲ, ಬೈದರೆ ಮುನಿಯುವವರಲ್ಲ. ಹಾಗಾದರೆ ಮಗುವಿಗೆ ಜ್ವರ ಬಂದ ತಾಯಿ ಯಾರನ್ನು ಕೂಗಬೇಕು? ಈ ಎಡೆಯಲ್ಲಿ ಯಕ್ಷಿಯರು ಬರುತ್ತಾರೆ. ಪಾರ್ಶ್ವನಾಥನ ಯಕ್ಷಿ ಪದ್ಮಾವತಿಗೆ ಹೊಂಬುಜವೂ, ಚಂದ್ರಪ್ರಭನ ಯಕ್ಷಿ ಜ್ವಾಲಾಮಾಲಿನಿಗೆ ನರಸಿಂಹರಾಜಪುರವೂ ಹೆಸರಾದ ನೆಲೆಗಳು. ನೇಮಿನಾಥನ ಯಕ್ಷಿ ಕೂಷ್ಮಾಂಡಿನಿ ಬೆಳಗೊಳದವಳು. ಹತ್ತನೆಯ ಶತಮಾನದ ಕೊನೆಯಲ್ಲಿ ಚಾವುಂಡರಾಯನು 58 ಅಡಿಯ ಗೊಮ್ಮಟನಿಗೆ ಅಭಿಷೇಕ ಮಾಡಿಸಿದಾಗ ಕೊಡಗಟ್ಟಲೆ ಹಾಲು ಸುರಿದರೂ ಮೈ ಪೂರ್ತಿ ನೆನೆಯಲಿಲ್ಲವಂತೆ. ಮುದುಕಿಯೊಬ್ಬಳು ಗುಳ್ಳಕಾಯಿಯ ಓಟೆಯಲ್ಲಿ ತಂದ ಹಾಲು ಅಡಿಯವರೆಗೂ ಹರಿಯಿತಂತೆ. ಅವಳೇ ಗುಳ್ಳಕಾಯಜ್ಜಿ, ವೇಷ ಮರೆಸಿ ಬಂದ ಕೂಷ್ಮಾಂಡಿನಿಯೇ ಅವಳೆಂದು ಹಲವರು ನಂಬುತ್ತಾರೆ. ನಮ್ಮ ಅಜ್ಜಿ ಹರಕೆ ಹೊತ್ತದ್ದು ಗೊಮ್ಮಟನಿಗಲ್ಲ, ಎದುರಿಗೆ ನಿಂತಿರುವ ಈ ಅಜ್ಜಿಗೆ. "ಅವ್ನು ದೊಡ್ಡೋನು, ಕಣ್ಮುಚ್ಕಂಡವ್ನೆ. ಇವಳ್ಗೆ ನನ್ನ ಕಷ್ಟ ತಿಳೀತದೆ" ಎಂದಿದ್ದಳಂತೆ. ಗೊಮ್ಮಟನ ಕಣ್ಣು ಮುಚ್ಚಿಲ್ಲವೆಂದು ನಮ್ಮ ಇತಿಹಾಸದ ಗುರುಗಳು ತಿದ್ದಿಯಾರು. ಉಳಿದ ಮಾತಿನಲ್ಲಿ ಜೈನಸಿದ್ಧಾಂತವನ್ನು ಅಜ್ಜಿ ಅಷ್ಟೇನೂ ತಪ್ಪು ತಿಳಿದಿರಲಿಲ್ಲ.

ಕರ್ನಾಟಕದಲ್ಲಿ ಬೌದ್ಧರಿದ್ದ ಕಾಲಕ್ಕೂ ಇದೇ ಮಾತು ಸಲ್ಲುತ್ತದೆ. 1065ರಲ್ಲಿ ಬಳ್ಳಿಗಾವೆಯಲ್ಲಿ ಕಟ್ಟಿದ ವಿಹಾರದಲ್ಲಿ ತಾರಾ ಭಗವತಿಗೂ ಪೂಜೆ ನಡೆಯುತ್ತಿತ್ತು. ಡಂಬಳದ 1095ರ ಶಾಸನವೂ ತಾರಾದೇವಿಯನ್ನು ಸ್ತುತಿಸುತ್ತದೆ. ದಾಟಿಸುವವಳು ಎಂದೇ ಆ ಹೆಸರಿನ ಅರ್ಥ.

ನೀಲಿಯ ಗಂಟು ಬೆಂಗಳೂರಿನ ಶಿವಾಜಿನಗರದ ಸಂತ ಮರಿಯಮ್ಮನವರ ಬಸಿಲಿಕದ್ದು. ನಾನು ಆಸ್ಪತ್ರೆಯಲ್ಲಿದ್ದ ತಿಂಗಳು ಅಜ್ಜಿ ಸಂಜೆಯ ಹೊತ್ತು ಅಲ್ಲಿ ಹೋಗಿ ಕೂರುತ್ತಿದ್ದಳು. ಸೀರೆ ಉಡಿಸಿದ ಅಮ್ಮ, ಕೈಯಲ್ಲಿ ಕೂಸು. ಅವಳಿಗೆ ಬೇರೆ ಪರಿಚಯ ಬೇಕಿರಲಿಲ್ಲ. ಸೆಪ್ಟೆಂಬರ್ 8ರ ಹಬ್ಬಕ್ಕೆ ಅಲ್ಲಿ ಎಲ್ಲ ಮತದವರೂ ನೆರೆಯುತ್ತಾರೆ. ಕ್ರಿ.ಶ. 431ರ ಎಫೆಸಸ್ ಸಭೆ ಮರಿಯಳನ್ನು ದೇವಮಾತೆಯೆಂದು ಸಾರಿತು. ಆದರೆ ಅವಳು ದೇವರಲ್ಲ, ನಮಗಾಗಿ ಮಗನಲ್ಲಿ ಬೇಡಿಕೊಡುವವಳು ಎಂಬುದು ಕಥೋಲಿಕರ ಖಚಿತವಾದ ನಿಲುವು. ಪ್ರಾಟೆಸ್ಟೆಂಟರು ಅಷ್ಟನ್ನೂ ಒಪ್ಪರು. ಮುಸಲ್ಮಾನರ ಕುರಾನಿನಲ್ಲಿ 19ನೆಯ ಅಧ್ಯಾಯಕ್ಕೆ ಮರ್ಯಮಳ ಹೆಸರಿದೆ. ಗೌರವ ಅಪಾರ, ಪೂಜೆ ಮಾತ್ರ ಇಲ್ಲ.

ಇಷ್ಟನ್ನು ಹೇಳಿದಾಗ ಗೆಳೆಯರೊಬ್ಬರು "ಅಂತೂ ಎಲ್ಲ ದೇವರೂ ಒಂದೇ" ಎಂದು ಮುಗಿಸಿದರು. ನನಗೆ ಒಪ್ಪಿಗೆಯಾಗಲಿಲ್ಲ. ಒಂದೇ ಎನ್ನುವುದಾಗಿದ್ದರೆ ಅಜ್ಜಿ ಒಂದೇ ಗಂಟು ಕಟ್ಟುತ್ತಿದ್ದಳು. ಅವಳು ಬೆಳಗೊಳಕ್ಕೆ ಹೋಗುವ ದಿನ ಮನೆಯಲ್ಲಿ ಮಾಂಸ ಮಾಡಿಸುತ್ತಿರಲಿಲ್ಲ. ಮರಿಯಮ್ಮನಿಗೆ ಕುಂಕುಮ ಒಯ್ಯಲಿಲ್ಲ, ಮೇಣದ ಬತ್ತಿ ಹಚ್ಚಿದಳು. ಒಬ್ಬೊಬ್ಬರ ಮನೆಯ ಕ್ರಮ ಒಂದೊಂದು ಎಂದು ತಿಳಿದು ನಡೆದಳು. ನಡುಮನೆಯಲ್ಲಿ ಕೂತ ನೆಂಟರಂತೆ ಅವರನ್ನು ಬೇರೆ ಬೇರೆಯಾಗಿಯೇ ವಿಚಾರಿಸಿಕೊಂಡಳು.

ಈ ವರ್ಷ ನಾನು ಬೆಳಗೊಳದ ದೊಡ್ಡಬೆಟ್ಟ ಹತ್ತಿದೆ. ಬಿಳಿಯ ಗಂಟನ್ನು ಬಿಚ್ಚಿ ನೋಡಿದರೆ 25 ಪೈಸೆಯ ನಾಲ್ಕು ನಾಣ್ಯಗಳು. 2011ರ ಜೂನ್ 30ರಿಂದಾಚೆಗೆ ಅವಕ್ಕೆ ಚಲಾವಣೆಯಿಲ್ಲ. ಬದಲಿಗೆ ರೂಪಾಯಿ ಹಾಕಲೇ ಎಂದು ಅಮ್ಮನಿಗೆ ಫೋನು ಮಾಡಿದೆ. "ಅವರು ಕಟ್ಟಿದ್ದೇ ಅದು, ಅದನ್ನೇ ಕೊಡು" ಎಂದಳು. ಕೊಟ್ಟೆ. ನಂಬಿಕೆ ಬಂದಿತೇ ಎಂದು ಕೇಳಿದರೆ ಉತ್ತರವಿಲ್ಲ. ಗುಳ್ಳಕಾಯಜ್ಜಿಯ ಮುಂದೆ ಮಾತ್ರ ಬಹಳ ಹೊತ್ತು ನಿಂತಿದ್ದೆ. ಸೆಪ್ಟೆಂಬರಿನಲ್ಲಿ ಶಿವಾಜಿನಗರಕ್ಕೂ ಹೋಗಿ ಬಂದೆ.

ಅರಿಶಿನದ ಗಂಟು ಇನ್ನೂ ಟ್ರಂಕಿನಲ್ಲಿದೆ. ಬರುವ ಜಾತ್ರೆಗೆ ಚೌಡಮ್ಮನಿಗೆ ಮಡಿಲಕ್ಕಿ ಹಾಕಬೇಕು. ಅಮ್ಮ ಹಸಿರು ಕಣ ತಂದಿಟ್ಟಿದ್ದಾಳೆ. ಮರವನ್ನು ಈ ಸಲ ನಮ್ಮ ದೊಡ್ಡತ್ತೆ ಹಿಡಿಯಲಿ ಎಂದು ನಾನು ಹೇಳಿದ್ದೇನೆ. ದೊಡ್ಡತ್ತೆಗೂ ಗಂಡನಿಲ್ಲ. ಅಮ್ಮ ಇನ್ನೂ ಹೂಂ ಎಂದಿಲ್ಲ, ಉಹೂಂ ಎಂದೂ ಅಂದಿಲ್ಲ.