ತುಮಕೂರು ರೋಡಿನಲ್ಲೊಂದು ಕಡಲು

ಸಿರಾದಲ್ಲೋ ಮಧುಗಿರಿಯಲ್ಲೋ ಬಸ್ಸು ಹತ್ತಿ, ನೆಲಮಂಗಲ ದಾಟಿ, ಯಶವಂತಪುರದಲ್ಲಿ ಇಳಿದು ಎಷ್ಟು ಸಲ ನಡೆದಿಲ್ಲ ನಾವು! ಅಲ್ಲಿಂದ ಹತ್ತಿರದಲ್ಲೇ ಇದೆ, ನಮ್ಮ ಹಿರಿಯರು ಇವತ್ತಿಗೂ ‘ಟಾಟಾ ಇನ್‌ಸ್ಟಿಟ್ಯೂಟ್’ ಎನ್ನುವ ಭಾರತೀಯ ವಿಜ್ಞಾನ ಸಂಸ್ಥೆ. ಆ ಮರಗಳ ನೆರಳಲ್ಲಿ ಕೂತು ಒಬ್ಬರು ಸಮುದ್ರವನ್ನು ಓದುತ್ತಾರೆ ಅಂದರೆ ನಂಬುತ್ತೀರಾ? ಕೊರಟಗೆರೆ, ಪಾವಗಡದಿಂದ ಯಾವ ದಿಕ್ಕಿಗೆ ಹೊರಟರೂ ಕಡಲು ಇನ್ನೂರು ಕಿಲೋಮೀಟರ್‌ಗೂ ಆಚೆ. ಬೆಂಗಳೂರಿನ ಪಾಡೂ ಅದೇ. ಆದರೂ ಭಾರತದ ಕಡಲಾಮೆಯ ಬಗ್ಗೆ ಯಾರೇ ಬರೆಯಲಿ, ಆ ವಿಜ್ಞಾನಿ ಕಾರ್ತಿಕ್ ಶಂಕರ್ ಹೆಸರನ್ನು ಬಿಟ್ಟು ಮುಂದಕ್ಕೆ ಹೋಗುವುದು ಕಷ್ಟ.

ಎಲ್ಲ ಶುರುವಾದದ್ದು ಮದರಾಸಿನ ಮರಳಲ್ಲಿ. 1970ರ ದಶಕದಲ್ಲಿ ಅಲ್ಲಿನ ಹಾವಿನ ಪಾರ್ಕಿನ ರೋಮುಲಸ್ ವಿಟೇಕರ್ ಮತ್ತು ಗೆಳೆಯರು ರಾತ್ರಿಯೆಲ್ಲ ದಂಡೆಯುದ್ದ ನಡೆದು ಆಮೆಮೊಟ್ಟೆ ಕಾಪಾಡುತ್ತಿದ್ದರು. 1988ರಲ್ಲಿ ಕಾಲೇಜು ಹುಡುಗ ಹುಡುಗಿಯರೇ ಒಂದು ಜಾಲ ಕಟ್ಟಿಕೊಂಡು ಆ ರಾತ್ರಿ ನಡಿಗೆಗೆ ಇಳಿದರು. ಕಾರ್ತಿಕ್ ಅವರಲ್ಲೊಬ್ಬರು. ಸರಿ, ಇನ್ನು ಕಡಲಿಗೇ ಹೋದರು ಅಂದುಕೊಂಡಿರಾ? ಪಿಎಚ್‌ಡಿಗೆಂದು ಟಾಟಾ ಇನ್‌ಸ್ಟಿಟ್ಯೂಟ್ ಸೇರಿದವರು ಹತ್ತಿದ್ದು ನೀಲಗಿರಿ ಬೆಟ್ಟ, ಶೋಲಾ ಕಾಡಿನ ಇಲಿಗಳನ್ನು ಎಣಿಸಲಿಕ್ಕೆ!

ಆಮೇಲೆ ಆಮೆ ಮತ್ತೆ ಕರೆಯಿತು. ಒಡಿಶಾದ ಗಹಿರ್‌ಮಠ, ಋಷಿಕುಲ್ಯಾ ದಂಡೆಗಳಲ್ಲಿ ಆಲಿವ್ ರಿಡ್ಲೆ ಆಮೆಗಳು ಕೆಲವೇ ರಾತ್ರಿಗಳಲ್ಲಿ ಲಕ್ಷಗಟ್ಟಲೆ ಮೇಲೆದ್ದು ಬರುತ್ತವೆ. ಒಂದೊಂದೂ ನೂರರ ಆಸುಪಾಸು ಮೊಟ್ಟೆಯಿಟ್ಟು ಮರಳು ಮುಚ್ಚಿ ಹೊರಟುಹೋಗುತ್ತದೆ. ಚೆನ್ನೈ ದಂಡೆಗೆ ಬರುವುದು ಮಾತ್ರ ಒಂಟಿ ಒಂಟಿ ಆಮೆಗಳು. ಇವೆರಡೂ ಬೇರೆ ಬೇರೆ ಕುಲವೇ? ಹೈದರಾಬಾದಿನ ಸಿಸಿಎಂಬಿ ಎಂಬ ಜೀವವಿಜ್ಞಾನ ಪ್ರಯೋಗಾಲಯದಲ್ಲಿ ಕಾರ್ತಿಕ್ ಮತ್ತು ಸಹೋದ್ಯೋಗಿಗಳು ಡಿಎನ್‌ಎ ಬಿಡಿಸಿ ನೋಡಿದರು. ವ್ಯತ್ಯಾಸವೇ ಸಿಗಲಿಲ್ಲ! ಅದಕ್ಕಿಂತ ದೊಡ್ಡ ಬೆರಗು ಇನ್ನೊಂದಿತ್ತು. 2004ರಲ್ಲಿ ಪ್ರಕಟವಾದ ಆ ಅಧ್ಯಯನದ ಪ್ರಕಾರ ಭಾರತದ ಪೂರ್ವ ಕರಾವಳಿಯ ರಿಡ್ಲೆಗಳದ್ದು ಬಲು ಹಳೆಯ ಕವಲು. ಬೇರೆ ಸಾಗರಗಳಲ್ಲಿ ಈ ಆಮೆ ಅಳಿದುಹೋದಾಗ ಹಿಂದೂ ಮಹಾಸಾಗರದ ಸಂತತಿಯೇ ಹರಡಿಕೊಂಡು ಪೆಸಿಫಿಕ್ಕನ್ನೂ ಅಟ್ಲಾಂಟಿಕ್ಕನ್ನೂ ಮತ್ತೆ ತುಂಬಿರಬೇಕು ಎಂದು ಅವರು ವಾದಿಸಿದರು. ಮೆಕ್ಸಿಕೋದ ಆಮೆಯ ಅಜ್ಜಿಮನೆ ನಮ್ಮ ಕಡೆ! ಪಾವಗಡದ ಹೊಲಕ್ಕೆ ಹಿಂಗಾರಿನ ಮೋಡ ಕಳಿಸುವ ಬಂಗಾಳ ಕೊಲ್ಲಿ ಇಂಥದ್ದನ್ನೂ ಬಚ್ಚಿಟ್ಟುಕೊಂಡಿತ್ತು ಅಂದರೆ, ನನಗಂತೂ ಮೈ ಜುಮ್ಮೆನ್ನುತ್ತದೆ.

ಇನ್ನು ಲೆದರ್‌ಬ್ಯಾಕ್. ಆಮೆಗಳಲ್ಲೇ ದೈತ್ಯ, ಗಟ್ಟಿ ಚಿಪ್ಪಿಲ್ಲ, ತೊಗಲಿನ ಬೆನ್ನು, ಮುಖ್ಯ ಆಹಾರ ಅಂಬಲಿ ಮೀನು (ಜೆಲ್ಲಿಫಿಶ್). 2004ರ ಸುನಾಮಿ ಅಂಡಮಾನ್ ನಿಕೋಬಾರಿನ ಎಷ್ಟೋ ಮೊಟ್ಟೆದಂಡೆಗಳನ್ನು ಗುಡಿಸಿ ಹಾಕಿತ್ತು. ಲಿಟ್ಲ್ ಅಂಡಮಾನಿನಲ್ಲಿ ಮರಳು ಮತ್ತೆ ಕೂಡಿತು, ಆಮೆಗಳೂ ಬಂದವು. 2008ರಿಂದ ಕಾರ್ತಿಕ್ ತಂಡ ಅಲ್ಲಿ ಕಾವಲು ಕೂತು, ಮುಂದೆ ಹತ್ತು ಆಮೆಗಳ ಬೆನ್ನಿಗೆ ಉಪಗ್ರಹಕ್ಕೆ ಸುಳಿವು ಕೊಡುವ ಯಂತ್ರ ಕಟ್ಟಿತು. ಕೆಲವು ಆಸ್ಟ್ರೇಲಿಯಾದತ್ತ ಹೊರಟವು, ಕೆಲವು ಆಫ್ರಿಕಾದತ್ತ. ಒಂದಂತೂ ಒಂಬತ್ತು ತಿಂಗಳೊಳಗೆ 13,000 ಕಿಲೋಮೀಟರ್‌ಗೂ ಹೆಚ್ಚು ಈಜಿ ಮೊಜಾಂಬಿಕ್ ತಲುಪಿತು!

2008ರಲ್ಲಿ ಬೆಂಗಳೂರಿನಲ್ಲಿ ದಕ್ಷಿಣ್ ಫೌಂಡೇಶನ್ ಎಂಬ ಪರಿಸರ ಸಂಸ್ಥೆ ಕಟ್ಟಿದವರಲ್ಲೂ ಅವರಿದ್ದರು. ಅವರ ಮುಂದಾಳತ್ವದಲ್ಲೇ 2010ರಲ್ಲಿ ಕಡಲಾಮೆ ವಿಜ್ಞಾನಿಗಳ ಜಾಗತಿಕ ಸಮ್ಮೇಳನ ಗೋವಾಕ್ಕೆ ಬಂದಿತು. ಹಿಂದೂ ಮಹಾಸಾಗರದ ಆಮೆಗಳಿಗೆಂದೇ ಒಂದು ಪತ್ರಿಕೆ, ಮಕ್ಕಳಿಗೆ ಕಥೆಪುಸ್ತಕ, ಇತ್ತ ಟಾಟಾ ಇನ್‌ಸ್ಟಿಟ್ಯೂಟಿನ ಅವರ ಪ್ರಯೋಗಾಲಯದಿಂದ ಪಶ್ಚಿಮ ಘಟ್ಟದ ಹೊಸ ಹೊಸ ಕಪ್ಪೆಗಳು! ಪ್ರಭಾವ ಅಂದರೆ ಪ್ರಬಂಧಗಳ ಲೆಕ್ಕವಲ್ಲ, ಶಿಷ್ಯರು ಎಷ್ಟು ದಿಕ್ಕಿಗೆ ಹೋದರು ಅನ್ನುವುದು ಎಂದು ನಂಬುವವನು ನಾನು. ಇವರ ಶಿಷ್ಯರು ಹಕ್ಕಿ, ಕಪ್ಪೆ, ಹಾವು, ಮೀನು ಒಂದನ್ನೂ ಬಿಟ್ಟಿಲ್ಲ.

ಕಡಲಿಲ್ಲದ ಮೈಸೂರೂ ಹಿಂದೆ ಬಿದ್ದಿಲ್ಲ. ಅಲ್ಲಿನ ನೇಚರ್ ಕನ್ಸರ್ವೇಶನ್ ಫೌಂಡೇಶನ್ನಿನ ರೋಹನ್ ಆರ್ಥರ್ 1990ರ ದಶಕದಿಂದಲೂ ಲಕ್ಷದ್ವೀಪದ ಹವಳದ ದಿಬ್ಬಗಳ ಬೆನ್ನು ಹತ್ತಿದವರು. ಅಗತ್ತಿ ದ್ವೀಪದಲ್ಲಿ ಅವರ ತಂಡಕ್ಕೆ ಎದುರಾದದ್ದು ವಿಚಿತ್ರ ದೂರು. ಹಸಿರು ಕಡಲಾಮೆಗಳು ವಿಪರೀತ ಹೆಚ್ಚಿ ನೀರೊಳಗಿನ ಹುಲ್ಲುಗಾವಲನ್ನೆಲ್ಲ ಬೋಳಿಸಿವೆ, ನಮಗೆ ಮೀನಿಲ್ಲ ಎಂದು ಬೆಸ್ತರು ಕೆಂಡ ಕಾರುತ್ತಿದ್ದರು. ಆಗ ಅಳಿವಿನಂಚಿನ ಪಟ್ಟಿಯಲ್ಲಿದ್ದ ಪ್ರಾಣಿಯ ಮೇಲೆ ಇಂಥ ಅಪವಾದವೇ? ಅಳೆದು ನೋಡಿದರೆ ಬೆಸ್ತರ ಮಾತಿನಲ್ಲಿ ಹುರುಳಿತ್ತು: ಹುಲ್ಲು ಸವೆದಿತ್ತು, ಅದರಲ್ಲಿ ಬೆಳೆಯುವ ಮೀನೂ ಇಳಿದಿತ್ತು. ಮೇವು ಮುಗಿದರೆ ಮಂದೆ ಬೇರೆ ಬಯಲಿಗೆ ಹೊರಡುವುದನ್ನು ಸಿರಾ ಕಡೆಯ ಕುರಿಗಾಹಿಗಳು ನೋಡುತ್ತಲೇ ಬಂದಿದ್ದಾರೆ. ಅಗತ್ತಿಯ ಆಮೆಗಳೂ ಹಾಗೇ ಪಕ್ಕದ ದ್ವೀಪಗಳ ಹುಲ್ಲಿನತ್ತ ಸರಿದವು, ಬೆಸ್ತರ ಜಗಳವೂ ಅವುಗಳ ಹಿಂದೆಯೇ ಹೊರಟಿತು.