ಲಕ್ವ ಹೊಡೆದ ಕೈಗೆ ನೂರಕ್ಕೆ ಎಷ್ಟು?

ಅಂಕಪಟ್ಟಿ ಕೈಗೆ ಬಂದೊಡನೆ ತಂದೆತಾಯಿಯರ ಕಣ್ಣು ಹೋಗುವುದು ಒಟ್ಟು ಅಂಕದ ಮೇಲೆ. ಪಾರ್ಶ್ವವಾಯು ಬಡಿದವರಿಗೂ ಅಂಥದೊಂದು ನೂರು ಅಂಕದ ಪರೀಕ್ಷೆಯಿದೆ. ಅದರಲ್ಲಿ ಪಾಸು, ಫೇಲು ಎಂಬುದಿಲ್ಲ. ಕಳೆದುಹೋದ ಚಲನೆ ಎಷ್ಟು ಮರಳಿದೆ ಎಂಬುದಷ್ಟೇ ಲೆಕ್ಕ.

ಸ್ವೀಡನ್ನಿನ ಆಕ್ಸೆಲ್ ಫೂಗಲ್-ಮೇಯರ್ ಮತ್ತು ಸಂಗಡಿಗರು 1975ರಲ್ಲಿ ಪ್ರಕಟಿಸಿದ ಈ ಕ್ರಮದಲ್ಲಿ ಕೈಗೆ 66 ಅಂಕ, ಕಾಲಿಗೆ 34. ಚಲನೆ ಆಗದಿದ್ದರೆ ಸೊನ್ನೆ, ಅರೆಬರೆಯಾದರೆ 1, ಪೂರ್ತಿಯಾದರೆ 2. ದೊಡ್ಡ ಯಂತ್ರವೇನೂ ಬೇಡ. ಪುಟ್ಟ ಸುತ್ತಿಗೆ, ಕಾಗದ, ಪೆನ್ಸಿಲ್, ಸಣ್ಣ ಡಬ್ಬಿ, ಟೆನಿಸ್ ಚೆಂಡು, ಸೆಕೆಂಡು ಎಣಿಸಲು ಗಡಿಯಾರ, ಇಷ್ಟಿದ್ದರೆ ಆಯಿತು. ರೋಗಿ ಹೆಬ್ಬೆರಳ ಸಂದಿನಲ್ಲಿ ಹಿಡಿದ ಕಾಗದವನ್ನು ಪರೀಕ್ಷಕರು ಮೆಲ್ಲಗೆ ಎಳೆಯುತ್ತಾರೆ. ಬಿಡದೆ ಹಿಡಿದರೆ 2, ಎಳೆದೊಡನೆ ಜಾರಿದರೆ 1. ಇನ್ನೊಂದರಲ್ಲಿ ಕಣ್ಣಿಗೆ ಬಟ್ಟೆ ಕಟ್ಟಿಕೊಂಡು, ಬೆರಳನ್ನು ಮೊಣಕಾಲಿನಿಂದ ಮೂಗಿಗೆ ಐದು ಸಲ ಬೇಗಬೇಗ ಮುಟ್ಟಿಸಬೇಕು. ಚೆನ್ನಾಗಿರುವ ಕೈಗಿಂತ ಎಷ್ಟು ಸೆಕೆಂಡು ಹೆಚ್ಚು ಹಿಡಿಯಿತು ಎಂಬುದರ ಮೇಲೆ ಅಂಕ.

ಪ್ರಶ್ನೆಗಳನ್ನು ಜೋಡಿಸಿದ ರೀತಿಯೇ ಇದರ ಹೆಚ್ಚುಗಾರಿಕೆ. ಸ್ವೀಡನ್ನಿನಲ್ಲಿ ಹುಟ್ಟಿ ಅಮೆರಿಕದಲ್ಲಿ ದುಡಿದ ಫಿಸಿಯೋಥೆರಪಿಸ್ಟ್ ಸಿಗ್ನೆ ಬ್ರುನ್‌ಸ್ಟ್ರಾಮ್ ಚೇತರಿಕೆಯ ಹಂತಗಳನ್ನು ಗುರುತಿಸಿದ್ದರು. ಮೊದಮೊದಲು ಕೈ ಜೋತುಬಿದ್ದಿರುತ್ತದೆ. ಕೆಲದಿನ ಕಳೆದು ಬಿಗಿಯಾಗತೊಡಗಿದಾಗ ರೋಗ ಉಲ್ಬಣಿಸಿತೆಂದು ಮನೆಯವರು ಹೆದರುವುದುಂಟು. ಆದರೆ ಅನೇಕರ ಪಾಲಿಗೆ ಅದು ಚೇತರಿಕೆಯ ದಾರಿಯಲ್ಲಿ ಬರುವ ಒಂದು ಹಂತ. ಬಳಿಕ ಚಲನೆ ಬರುತ್ತದೆ, ಗುಂಪಾಗಿ. ತೋಳೆತ್ತಹೋದರೆ ಮೊಣಕೈಯೂ ಮಡಿಸಿಕೊಳ್ಳುತ್ತದೆ. ಭುಜ, ಮೊಣಕೈ, ಬೆರಳು ಎಲ್ಲವನ್ನೂ ಒಂದೇ ನೊಗಕ್ಕೆ ಹೂಡಿದಂತೆ! ಮೊಣಕೈ ನೆಟ್ಟಗಿಟ್ಟೇ ತೋಳನ್ನು ಮುಂದಕ್ಕೆ ಎತ್ತಲು ಬಂದರೆ ನೊಗ ಸಡಿಲವಾಗುತ್ತಿದೆ ಎಂದರ್ಥ. ಎಲ್ಲರೂ ಕೊನೆಯ ಹಂತ ಮುಟ್ಟುವುದಿಲ್ಲ, ನಡುವೆಯೇ ನಿಲ್ಲುವವರೂ ಇದ್ದಾರೆ.

ನೂರು ಅಂಕದ್ದೇ ಇನ್ನೊಂದು ಪರೀಕ್ಷೆಯಿದೆ. ಅಮೆರಿಕದಲ್ಲಿ 1965ರಲ್ಲಿ ಪ್ರಕಟವಾದ ಬಾರ್ತೆಲ್ ಸೂಚ್ಯಂಕವದು. ಊಟ, ಸ್ನಾನ, ಬಟ್ಟೆ ತೊಡುವುದು, ಮೆಟ್ಟಿಲು ಹತ್ತುವುದು ಸ್ವತಃ ಆಗುತ್ತದೆಯೇ ಎಂದಷ್ಟೇ ಅದು ಕೇಳುತ್ತದೆ. ಯಾವ ಕೈಯಿಂದ ಎಂದು ಕೇಳುವುದಿಲ್ಲ. ಬಲಗೈ ಸೋತವರು ಎಲ್ಲವನ್ನೂ ಎಡಗೈಯಲ್ಲೇ ರೂಢಿಸಿಕೊಂಡು ಅದರಲ್ಲಿ ನೂರಕ್ಕೆ ನೂರು ಪಡೆಯಬಹುದು. ಫೂಗಲ್-ಮೇಯರ್ ಪಟ್ಟಿಯಲ್ಲಿ ಅದೇ ಬಲಗೈಗೆ 66ರಲ್ಲಿ ಇಪ್ಪತ್ತೂ ಬಾರದಿರಬಹುದು. "ಈಗ ಎಲ್ಲ ತಾನೇ ಮಾಡ್ಕೋತಾರೆ" ಎಂದು ಮನೆಯವರು ನಿರಾಳವಾಗುವ ಹೊತ್ತಿಗೆ ಆ ಕೈ ಮಡಿಲಲ್ಲೇ ಉಳಿದಿರುತ್ತದೆ. ಚೇತರಿಕೆ ಚುರುಕಾಗಿರುವುದು ಸಾಮಾನ್ಯವಾಗಿ ಮೊದಲ ಮೂರು ತಿಂಗಳು. ಆಗ ಎರಡೂ ಅಂಕಗಳನ್ನು ಕೇಳಿ ತಿಳಿದುಕೊಳ್ಳುವುದು ಮೇಲು.

ಇಷ್ಟಾಗಿ ಈ 66 ಕೂಡ ಎಲ್ಲವನ್ನೂ ಹೇಳದು. ಪೂರ್ತಿ ಅಂಕ ಬಂದವರ ಬೆರಳೂ ಅಂಗಿಯ ಗುಂಡಿ ಹಾಕುವಾಗ, ಸಹಿ ಮಾಡುವಾಗ ತಡವರಿಸಬಹುದು. ಅಂಥವರ ಮುಂದೆ ಫಿಸಿಯೋಥೆರಪಿಸ್ಟರು ಒಂಬತ್ತು ತೂತಿನ ಹಲಗೆಯನ್ನೂ ಒಂಬತ್ತು ಪುಟ್ಟ ಕಡ್ಡಿಗಳನ್ನೂ ಇಡುತ್ತಾರೆ. ಒಂದೊಂದಾಗಿ ಸಿಕ್ಕಿಸಿ, ಮತ್ತೆ ಒಂದೊಂದಾಗಿ ತೆಗೆಯಬೇಕು. ಗಡಿಯಾರ ಓಡುತ್ತಿರುತ್ತದೆ.